ಎಣ್ಣೆ ಚೆಲ್ಲಿದರೆ, ರಾಸಾಯನಿಕ ಸೋರಿದರೆ ಯಾರು ಬರಬೇಕು, ಯಾರು ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಪಂಚಾಯಿತಿಗಳು, ಮೀನುಗಾರರ ಸಂಘಗಳು, ಹೆದ್ದಾರಿ ಬದಿಯ ಊರಿನವರು ಮತ್ತು ಕಾರ್ಖಾನೆಗಳ ಸುರಕ್ಷತಾ ವಿಭಾಗದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಉದಾಹರಣೆಗಳು ಬಹುಪಾಲು ಕರ್ನಾಟಕ ಮತ್ತು ನೆರೆರಾಜ್ಯಗಳ ಕರಾವಳಿಯವು. ನಿಯಮಗಳು ದೇಶಕ್ಕೆಲ್ಲ ಒಂದೇ.

ಸಮುದ್ರಕ್ಕೆ ಎಣ್ಣೆ ಚೆಲ್ಲಿದರೆ ಮುಂದಾಳತ್ವ ಯಾರದು?

ಕೋಸ್ಟ್ ಗಾರ್ಡ್‌ನದು. ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆ (ಅಧಿಕಾರಿಗಳ ಬಾಯಲ್ಲಿ ‘ಎನ್‌ಒಎಸ್-ಡಿಸಿಪಿ’) 1993ರಲ್ಲಿ ಒಪ್ಪಿಗೆ ಪಡೆದು 1996ರಲ್ಲಿ ಜಾರಿಗೆ ಬಂತು, 2015ರಲ್ಲಿ ಪರಿಷ್ಕರಣೆಯಾಯಿತು. ಇದರ ಪ್ರಕಾರ ಸಮುದ್ರದಲ್ಲಿ ತೈಲ ಸೋರಿಕೆ ಎದುರಿಸುವ ಕೇಂದ್ರ ಸಮನ್ವಯ ಸಂಸ್ಥೆ ಕೋಸ್ಟ್ ಗಾರ್ಡ್. ಕರ್ನಾಟಕದ ಮಟ್ಟಿಗೆ ಅದರ ಜಿಲ್ಲಾ ಕೇಂದ್ರ ಕಚೇರಿ ಪಣಂಬೂರಿನಲ್ಲಿದೆ, ಕಾರವಾರದಲ್ಲೊಂದು ನಿಲ್ದಾಣವಿದೆ, ಮೇಲಿನ ಪ್ರಾದೇಶಿಕ ಕಚೇರಿ ಮುಂಬೈಯಲ್ಲಿದೆ.

ಆದರೆ ಮೂರು ಜಾಗಗಳನ್ನು ಯೋಜನೆ ಬೇರೆಯವರ ಹೆಗಲಿಗೆ ಹಾಕಿದೆ. ಬಂದರಿನ ಮಿತಿಯೊಳಗೆ ಚೆಲ್ಲಿದ್ದು ಬಂದರಿನ ಹೊಣೆ. ತೈಲ ಬಾವಿಯ ವೇದಿಕೆ, ಸಮುದ್ರದಲ್ಲಿ ಕಚ್ಚಾತೈಲ ಇಳಿಸುವ ತೇಲುಬೋಯ್, ಅದರ ಪೈಪ್‌ಲೈನ್ ಇವುಗಳ ಸುತ್ತ 500 ಮೀಟರ್ ಒಳಗಿನದು ಅದನ್ನು ನಡೆಸುವ ಕಂಪನಿಯ ಹೊಣೆ. ದಡಕ್ಕೆ ಹತ್ತಿದ್ದು ರಾಜ್ಯ ಸರ್ಕಾರದ್ದು, ಅಂದರೆ ಕೈಯಿಟ್ಟು ಕೆಲಸ ಮಾಡಿಸಬೇಕಾದವರು ಜಿಲ್ಲಾಧಿಕಾರಿ.

ಮಂಗಳೂರಿನ ಎದುರಿನ ಸಮುದ್ರವನ್ನೇ ತೆಗೆದುಕೊಳ್ಳಿ. ನವಮಂಗಳೂರು ಬಂದರಿನೊಳಗೆ ಬಂದರು ಪ್ರಾಧಿಕಾರ. ಹೊರಗೆ ಆಳದಲ್ಲಿ ದೊಡ್ಡ ಹಡಗುಗಳಿಂದ ಕಚ್ಚಾತೈಲ ಇಳಿಸುವ ತೇಲುಬೋಯ್ ಸುತ್ತ ರಿಫೈನರಿ. ಉಳಿದ ನೀರಿಗೆ ಕೋಸ್ಟ್ ಗಾರ್ಡ್. ಪಣಂಬೂರು, ತಣ್ಣೀರುಬಾವಿ, ಉಳ್ಳಾಲದ ಮರಳಿಗೆ ಜಿಲ್ಲಾಡಳಿತ. ಹಳೆ ಬಂದರಿನಂತಹ ಸಣ್ಣ ಬಂದರುಗಳು ರಾಜ್ಯದ ಕೈಯಲ್ಲಿವೆ. ಒಂದೇ ನೀರು, ಐದು ಯಜಮಾನರು.

ಎಣ್ಣೆ ಒಂದು ಗೆರೆ ದಾಟಿ ಇನ್ನೊಂದರೊಳಗೆ ಹೋದರೆ?

ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಬಂದರಿನವರು ‘ನಮ್ಮ ಮಿತಿಯಿಂದ ಹೊರಗೆ ಹೋಯಿತು’ ಎಂದು ಬೂಮ್ (ಎಣ್ಣೆ ಹರಡದಂತೆ ನೀರಿನ ಮೇಲೆ ಕಟ್ಟುವ ತೇಲುಬೇಲಿ) ಸುತ್ತಿಟ್ಟರೆ, ದಡದವರು ‘ಇನ್ನೂ ನಮ್ಮಲ್ಲಿಗೆ ಬಂದಿಲ್ಲ’ ಎಂದು ಕಾಯುತ್ತಿರುತ್ತಾರೆ. ನಡುವಿನ ಆರೇಳು ಗಂಟೆ ಯಾರದ್ದೂ ಅಲ್ಲ.

2006ರ ಮೇ 30ರಂದು ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದ ಎದುರಿನ ಆಯ್ಸ್ಟರ್ ರಾಕ್ ಬಂಡೆಗೆ ಬಡಿದಾಗ ಅದರಲ್ಲಿ ಸುಮಾರು 650 ಟನ್ ಇಂಧನ ತೈಲವಿತ್ತು. ಮಳೆಗಾಲದ ಹೊಸಿಲಿನ ಗಾಳಿ, ಅಲೆ. ಎಣ್ಣೆ ಕರ್ನಾಟಕದಲ್ಲೇ ನಿಲ್ಲದೆ ದಕ್ಷಿಣ ಗೋವಾದ ಕಡಲತೀರಕ್ಕೂ ಹೋಯಿತು. ಎರಡು ರಾಜ್ಯ, ಎರಡು ಮಾಲಿನ್ಯ ನಿಯಂತ್ರಣ ಮಂಡಳಿ, ಎರಡು ಜಿಲ್ಲಾಡಳಿತ.

ಸರಿಯಾದ ಕ್ರಮ ಹೀಗೆ: ಹೊಣೆ ಕೈಬದಲಾಗುವುದು ಎಣ್ಣೆ ಗೆರೆ ದಾಟಿದಾಗಲ್ಲ, ಮುಂದಿನವರು ‘ನಮ್ಮ ಸಲಕರಣೆ ನೀರಿಗಿಳಿದಿದೆ, ನಾವು ವಹಿಸಿಕೊಂಡೆವು’ ಎಂದು ಲಿಖಿತವಾಗಿ ಹೇಳಿದಾಗ. ಅಲ್ಲಿಯವರೆಗೆ ಮೊದಲಿನವರು ಬಿಟ್ಟುಹೋಗಬಾರದು. ಹೊತ್ತು, ಸ್ಥಳ, ಹೆಸರು ಬರೆದ ನಾಲ್ಕು ಸಾಲಿನ ಸಂದೇಶ ಸಾಕು. ಅದೊಂದು ಇಲ್ಲದಿದ್ದರೆ ಮುಂದೆ ಪರಿಹಾರದ ಲೆಕ್ಕವೂ ಎಡವುತ್ತದೆ.

1, 2, 3ನೇ ಹಂತ ಅಂದರೇನು?

700 ಟನ್‌ವರೆಗೆ ಒಂದನೇ ಹಂತ; ಸ್ಥಳೀಯ ಬಂದರು ಅಥವಾ ಕಂಪನಿ ತನ್ನ ಸಲಕರಣೆಯಿಂದಲೇ ನಿಭಾಯಿಸಬೇಕು. 700ರಿಂದ 10,000 ಟನ್ ಎರಡನೆಯದು. ಪ್ರದೇಶದ ಇತರರೂ ಕೈಜೋಡಿಸಬೇಕು. ಅದಕ್ಕೂ ಮೇಲಿನದು ಮೂರನೆಯದು. ಇಡೀ ದೇಶದ, ಬೇಕಾದರೆ ಹೊರದೇಶದ ನೆರವು. ಕೋಸ್ಟ್ ಗಾರ್ಡ್‌ನ ಮಾಲಿನ್ಯ ನಿಯಂತ್ರಣ ಕೇಂದ್ರಗಳು ಮುಂಬೈ, ಚೆನ್ನೈ, ಪೋರ್ಟ್ ಬ್ಲೇರ್ ಮತ್ತು ವಾಡಿನಾರ್‌ನಲ್ಲಿವೆ. ಅಂದರೆ ಕರ್ನಾಟಕಕ್ಕೆ ದೊಡ್ಡ ಸಲಕರಣೆ ಹೊರಗಿನಿಂದಲೇ ಬರಬೇಕು.

ಈ ಅಂಕಿಗಳನ್ನು ಗಿಣಿಪಾಠದಂತೆ ಹಿಡಿಯಬೇಡಿ. 2017ರ ಜನವರಿ 28ರಂದು ಚೆನ್ನೈ ಬಳಿಯ ಎನ್ನೋರ್‌ನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಚೆಲ್ಲಿದ್ದು ಇನ್ನೂರು–ಇನ್ನೂರೈವತ್ತು ಟನ್. ಪುಸ್ತಕದ ಲೆಕ್ಕದಲ್ಲಿ ಅದು ಒಂದನೇ ಹಂತ. ಆದರೆ ದಪ್ಪ ಇಂಧನ ತೈಲ ಕಲ್ಲುಗೋಡೆಯ ಸಂದಿಗಳಲ್ಲಿ ಕುಳಿತಿತು, ಒಳಚರಂಡಿ ಹೀರುವ ಲಾರಿಗಳ ಪಂಪು ಅದನ್ನು ಎಳೆಯದೆ ಕಟ್ಟಿಕೊಂಡಿತು. ಕೊನೆಗೆ ಜನ ಸಾಲುಗಟ್ಟಿ ಬಕೆಟ್‌ನಲ್ಲಿ ಮೊಗೆದರು. ಆ ಚಿತ್ರ ದೇಶವೆಲ್ಲ ನೋಡಿತು. ಮೊದಲ ವರದಿಗಳಲ್ಲಿ ಸೋರಿಕೆ ತೀರಾ ಸಣ್ಣದು ಎಂದಿತ್ತು. ಮೊದಲ ದಿನದ ಅಂಕಿ ಯಾವಾಗಲೂ ಕಡಿಮೆಯೇ. ಆದ್ದರಿಂದ ಒಡೆದ ಟ್ಯಾಂಕಿನಲ್ಲಿ ಎಷ್ಟಿತ್ತೋ ಅಷ್ಟೂ ಹೊರಬಂದಿದೆ ಎಂದೇ ಹೊರಡಬೇಕು. ಕರೆಸಿದ ಸಲಕರಣೆಯನ್ನು ವಾಪಸ್ ಕಳಿಸಿದರೆ ಆಗುವ ನಷ್ಟ ಸಣ್ಣದು.

ಮೀನುಗಾರರು ಎಣ್ಣೆ ಕಂಡರೆ ಯಾರಿಗೆ ಹೇಳಬೇಕು? ಏನು ಹೇಳಬೇಕು?

ಕೋಸ್ಟ್ ಗಾರ್ಡ್‌ನ ಉಚಿತ ಸಂಖ್ಯೆ 1554. ಬೋಟಿನಲ್ಲಿ ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನಲ್. ದಡದಲ್ಲಿದ್ದರೆ 112, ಅಥವಾ ಜಿಲ್ಲಾ ನಿಯಂತ್ರಣ ಕೊಠಡಿ 1077.

‘ಕಡಲಲ್ಲಿ ಎಣ್ಣೆ ಇದೆ’ ಎಂದಷ್ಟೇ ಹೇಳಿದರೆ ಕೇಳಿದವರು ಮತ್ತೆ ಹತ್ತು ಪ್ರಶ್ನೆ ಕೇಳುತ್ತಾರೆ. ಜಿಪಿಎಸ್‌ನಲ್ಲಿ ಕಾಣುವ ಅಕ್ಷಾಂಶ–ರೇಖಾಂಶ, ಕಂಡ ಹೊತ್ತು, ಪಟ್ಟಿಯ ಉದ್ದಗಲ, ಬಣ್ಣ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹತ್ತಿರ ಯಾವ ಹಡಗಿದೆ, ಎಣ್ಣೆಯ ವಾಸನೆ ಇದೆಯೇ ಇಲ್ಲವೇ: ಇಷ್ಟು ಹೇಳಿ. ಫೋಟೊ ತೆಗೆಯಿರಿ, ಸೂರ್ಯ ಬೆನ್ನ ಹಿಂದಿದ್ದರೆ ಬಣ್ಣ ಸರಿಯಾಗಿ ಬರುತ್ತದೆ. ಎಣ್ಣೆಯ ನಡುವೆ ಬೋಟು ಓಡಿಸಬೇಡಿ. ಪ್ರೊಪೆಲ್ಲರ್ ಎಣ್ಣೆಯನ್ನು ನೀರಿನೊಂದಿಗೆ ಕಡೆದು ಗಟ್ಟಿ ಮಾಡುತ್ತದೆ. ಅದು ಹೊಸ ಪೆಟ್ರೋಲ್ ಅಥವಾ ಕಚ್ಚಾತೈಲವಾದರೆ ಆವಿಗೆ ತಲೆಸುತ್ತೂ ಬರುತ್ತದೆ, ಕಿಡಿ ತಾಗಿದರೆ ಬೆಂಕಿಯೂ ಹತ್ತುತ್ತದೆ.

ಬಣ್ಣ ನೋಡಿ ಎಷ್ಟು ಎಣ್ಣೆ ಇದೆ ಎಂದು ಹೇಳಬಹುದೇ?

ಹೇಳಬಹುದು, ವಿಮಾನದಿಂದ ನೋಡುವವರು ಹಾಗೆಯೇ ಲೆಕ್ಕ ಹಾಕುತ್ತಾರೆ. ಒಂದು ಚದರ ಕಿಲೋಮೀಟರಿಗೆ ಬೆಳ್ಳಿಯಂತೆ ಮಿನುಗುವ ತೆಳುಪದರದಲ್ಲಿ 40ರಿಂದ 300 ಲೀಟರ್. ಕಾಮನಬಿಲ್ಲಿನ ಬಣ್ಣವಿದ್ದರೆ 300ರಿಂದ 5,000. ಲೋಹದ ಹೊಳಪಿದ್ದರೆ 5,000ದಿಂದ 50,000. ಅಲ್ಲಲ್ಲಿ ಎಣ್ಣೆಯ ಸ್ವಂತ ಬಣ್ಣವೇ ಕಂಡರೆ 50,000ದಿಂದ 2,00,000. ಒಂದೇ ಸಮನೆ ಕಪ್ಪು ಅಥವಾ ಕಂದಾಗಿದ್ದರೆ ಎರಡು ಲಕ್ಷಕ್ಕೂ ಹೆಚ್ಚು.

ಒಂದು ಲೆಕ್ಕ ಮಾಡಿ ನೋಡಿ. ಎರಡು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಪಟ್ಟಿ, ಅಂದರೆ ಒಂದು ಚದರ ಕಿಲೋಮೀಟರ್. ಅದರಲ್ಲಿ ಅರ್ಧ ಭಾಗ ಕಾಮನಬಿಲ್ಲು: ಹೆಚ್ಚೆಂದರೆ 2,500 ಲೀಟರ್. ಹತ್ತನೇ ಒಂದು ಭಾಗ ಕಪ್ಪು: ಕಡಿಮೆಯೆಂದರೂ 20,000 ಲೀಟರ್. ಟಿವಿಯಲ್ಲಿ ಚೆನ್ನಾಗಿ ಕಾಣುವುದು ಕಾಮನಬಿಲ್ಲು, ಎಣ್ಣೆ ಇರುವುದು ಕಪ್ಪಿನಲ್ಲಿ. ಬೋಟುಗಳನ್ನು ಕಪ್ಪಿನ ಕಡೆ ಕಳಿಸಬೇಕು. ನೀರಿನ ಮಟ್ಟದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ, ಮೇಲಿನಿಂದ ಯಾರಾದರೂ ದಾರಿ ಹೇಳುತ್ತಿರಬೇಕು. ಹೆಲಿಕಾಪ್ಟರ್ ಮತ್ತು ಬೋಟು ಒಂದೇ ರೇಡಿಯೊ ಚಾನಲ್‌ನಲ್ಲಿಲ್ಲದ ಕಾರಣಕ್ಕೆ ಅರ್ಧ ದಿನ ವ್ಯರ್ಥವಾಗುವುದುಂಟು.

ಎಣ್ಣೆ ಯಾವ ದಡಕ್ಕೆ, ಯಾವಾಗ ಬರುತ್ತದೆ ಎಂದು ಹೇಗೆ ತಿಳಿಯುತ್ತದೆ?

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ (ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ) ಗಾಳಿ, ಪ್ರವಾಹ ಸೇರಿಸಿ ಎಣ್ಣೆಯ ಪಥ ಕೊಡುತ್ತದೆ. ಅದು ಬರುವವರೆಗೆ ಕೈಲೆಕ್ಕ ಸಾಕು: ಎಣ್ಣೆ ಪ್ರವಾಹದ ಪೂರ್ತಿ ವೇಗದಲ್ಲೂ, ಗಾಳಿಯ ವೇಗದ ಶೇ 3ರಷ್ಟರಲ್ಲೂ ಸಾಗುತ್ತದೆ. 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ಗಾಳಿ ನೇರ ದಡದ ಕಡೆ ಬೀಸುತ್ತಿದ್ದರೆ ಗಾಳಿಯೊಂದೇ ಅದನ್ನು ಗಂಟೆಗೆ ಸುಮಾರು 1.1 ಕಿಲೋಮೀಟರ್ ತಳ್ಳುತ್ತದೆ. ಹತ್ತು ಕಿಲೋಮೀಟರ್ ಆಚೆಯ ಎಣ್ಣೆ ಒಂಬತ್ತು ಗಂಟೆಯಲ್ಲಿ ದಡ ಮುಟ್ಟುತ್ತದೆ. ಸಂಜೆ ಕಂಡದ್ದು ಬೆಳಗಿನ ಹೊತ್ತಿಗೆ ಮರಳಿನ ಮೇಲಿರುತ್ತದೆ, ಆದ್ದರಿಂದ ದಡದ ಸಭೆಯನ್ನು ‘ನಾಳೆ ಹನ್ನೊಂದು ಗಂಟೆಗೆ’ ಕರೆಯಬೇಡಿ.

ಅಳಿವೆಗೆ ಅಡ್ಡಲಾಗಿ ಬೂಮ್ ಕಟ್ಟಿದರೆ ಎಣ್ಣೆ ಒಳಗೆ ಬರುವುದಿಲ್ಲವಲ್ಲ?

ನೇರ ಅಡ್ಡ ಕಟ್ಟಿದರೆ ಖಂಡಿತ ಬರುತ್ತದೆ. ಬೂಮ್‌ಗೆ ಲಂಬವಾಗಿ ಬಡಿಯುವ ನೀರಿನ ವೇಗ 0.7 ನಾಟ್ ದಾಟಿದರೆ ಎಣ್ಣೆ ಹನಿಹನಿಯಾಗಿ ಕೆಳಗಿನಿಂದ ನುಸುಳುತ್ತದೆ. ಭರತ–ಇಳಿತದ ಹೊತ್ತಿಗೆ ಅಳಿವೆ ಬಾಗಿಲಿನಲ್ಲಿ ಇದಕ್ಕಿಂತ ಹೆಚ್ಚು ಸೆಳೆತ ಇರುವುದು ಮಾಮೂಲು. ಆದ್ದರಿಂದ ಓರೆಯಾಗಿ ಕಟ್ಟಬೇಕು: 1 ನಾಟ್ ಸೆಳೆತಕ್ಕೆ ಹರಿವಿನ ದಿಕ್ಕಿಗೆ ಸುಮಾರು 45 ಡಿಗ್ರಿ, 1.5 ನಾಟ್‌ಗೆ 28, 2 ನಾಟ್‌ಗೆ 20. ಓರೆಯಾದಷ್ಟೂ ಬೂಮ್ ಉದ್ದ ಬೇಕು. 2 ನಾಟ್ ಇರುವ ಕಡೆ 100 ಮೀಟರ್ ಬಾಗಿಲಿಗೆ ಸುಮಾರು 300 ಮೀಟರ್ ಬೇಕಾಗುತ್ತದೆ. ಉಗ್ರಾಣದಲ್ಲಿ 100 ಮೀಟರ್ ಇದೆ ಎಂದು ನೆಮ್ಮದಿಯಾಗಿ ಕುಳಿತವರು ಎಡವುವುದು ಇಲ್ಲೇ.

ಓರೆಯ ಕೆಳತುದಿ ಸೆಳೆತ ಕಡಿಮೆ ಇರುವ, ಲಾರಿ ಬರಬಹುದಾದ ದಡಕ್ಕೆ ಮುಟ್ಟಬೇಕು. ಎಣ್ಣೆ ಬಂದು ನಿಲ್ಲುವುದು ಅಲ್ಲೇ, ಸ್ಕಿಮ್ಮರ್ (ನೀರಿನ ಮೇಲಿನ ಎಣ್ಣೆ ಎತ್ತುವ ಯಂತ್ರ) ಇಡಬೇಕಾದ್ದೂ ಅಲ್ಲೇ. ತೆಳು ಎಣ್ಣೆಗೆ ತಟ್ಟೆ ಸುತ್ತುವ ಸ್ಕಿಮ್ಮರ್ ಸಾಕು, ದಪ್ಪ ಫರ್ನೇಸ್ ಆಯಿಲ್‌ಗೆ ಬ್ರಷ್‌ನದೇ ಬೇಕು. ನೀರು ಸೇರಿದಂತೆ ಎಣ್ಣೆ ರಾಗಿ ಗಂಜಿಯ ಹಾಗೆ ದಪ್ಪವಾಗುತ್ತದೆ. ಮುಕ್ಕಾಲು ಪಾಲು ನೀರೇ ಆಗಿ ಒಟ್ಟು ಗಾತ್ರ ನಾಲ್ಕು ಪಟ್ಟು ಹಿಗ್ಗಬಹುದು. ಸಂಗ್ರಹದ ಟ್ಯಾಂಕು ಮೊದಲ ದಿನವೇ ತುಂಬಿ, ಸ್ಕಿಮ್ಮರ್ ಸುಮ್ಮನೆ ನಿಲ್ಲುವುದು ಇದರಿಂದಲೇ. ಅಲೆ ಒಂದು ಮೀಟರ್ ಮೀರಿದರೆ ತೆರೆದ ಕಡಲಲ್ಲಿ ಬೂಮ್ ಬಹುತೇಕ ನಿಷ್ಪ್ರಯೋಜಕ, ಅಂದರೆ ಜೂನ್–ಆಗಸ್ಟ್‌ನಲ್ಲಿ ನಮ್ಮ ಕರಾವಳಿಯಲ್ಲಿ ಹೊರಗಡೆ ಬೂಮ್ ನಂಬಿ ಕೂರುವ ಹಾಗಿಲ್ಲ. ಅಳಿವೆ, ಹಿನ್ನೀರು ಕಾಯುವುದಕ್ಕೆ ಇಡಬೇಕು.

ರಾಸಾಯನಿಕ ಸಿಂಪಡಿಸಿ ಎಣ್ಣೆ ಕರಗಿಸಬಹುದಲ್ಲವೇ?

ಅದಕ್ಕೆ ಡಿಸ್ಪರ್ಸೆಂಟ್ ಎನ್ನುತ್ತಾರೆ. ಅದು ಎಣ್ಣೆಯನ್ನು ಇಲ್ಲವಾಗಿಸುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಇಳಿಸುತ್ತದೆ. ಹೊರಗಿನ ಆಳ ಕಡಲಲ್ಲಿ ಇದು ಒಳ್ಳೆಯ ಆಯ್ಕೆ. ಆಳವಿಲ್ಲದ ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಚಿಪ್ಪು ಆಯುವ ಅಳಿವೆ, ಸಿಗಡಿ ಕೆರೆಗೆ ನೀರೆಳೆಯುವ ಜಾಗ ಇಲ್ಲೆಲ್ಲ ಬೇಡ. ಯಾವ ಉತ್ಪನ್ನ, ಎಲ್ಲಿ, ಯಾವಾಗ ಎಂಬುದಕ್ಕೆ ಕೋಸ್ಟ್ ಗಾರ್ಡ್ ಅನುಮತಿ ಬೇಕು. ಉತ್ಪನ್ನಗಳ ವಿಷಗುಣವನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಪರೀಕ್ಷಿಸುತ್ತದೆ. ಪ್ರಮಾಣ ಸಾಮಾನ್ಯವಾಗಿ 20 ಪಾಲು ಎಣ್ಣೆಗೆ 1 ಪಾಲು. ಎಣ್ಣೆ ದಪ್ಪವಾದ ಮೇಲೆ ಸಿಂಪಡಿಸಿದರೆ ಹಾಲಿನಂತೆ ಬಿಳಿ ನೀರು ಹರಿದುಹೋಗಿ ಎಣ್ಣೆ ಅಲ್ಲೇ ಉಳಿಯುತ್ತದೆ. ಹಾಗೆ ಕಂಡ ಕೂಡಲೇ ನಿಲ್ಲಿಸಬೇಕು. ಪಾತ್ರೆ ತೊಳೆಯುವ ದ್ರಾವಣ, ಸೋಪಿನ ಪುಡಿ ಸುರಿಯುವುದಂತೂ ಯಾವ ಕಾರಣಕ್ಕೂ ಕೂಡದು.

ಎಣ್ಣೆ ನಮ್ಮ ಪಂಚಾಯಿತಿಯ ದಡಕ್ಕೆ ಬರಲಿದೆ ಎಂದು ಸುದ್ದಿ. ಏನು ಮಾಡಬೇಕು?

ಬರುವ ಮೊದಲೇ ದಡದ ಕಸ ತೆಗೆಸಿ. ಪ್ಲಾಸ್ಟಿಕ್, ಹರಿದ ಬಲೆ, ತೆಂಗಿನ ಗರಿ, ಮರದ ತುಂಡು ಎಲ್ಲವನ್ನೂ ಭರತದ ಗೆರೆಯಿಂದ ಮೇಲಕ್ಕೆ. ಇವತ್ತು ಇದು ಮಾಮೂಲಿ ಕಸ. ನಾಳೆ ಎಣ್ಣೆ ಮೆತ್ತಿಕೊಂಡರೆ ಅಪಾಯಕಾರಿ ತ್ಯಾಜ್ಯ. ಖರ್ಚು ಹತ್ತಾರು ಪಟ್ಟು. ಇಡೀ ಕಾರ್ಯಾಚರಣೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ, ಆದರೂ ಬಹುತೇಕ ಕಡೆ ಯಾರೂ ಮಾಡುವುದಿಲ್ಲ.

ಬಂದ ಮೇಲೆ ಜೆಸಿಬಿ ಇಳಿಸಬೇಡಿ. ಅದರ ಚಕ್ರ ಎಣ್ಣೆಯನ್ನು ಮರಳಿನೊಳಗೆ ತುಳಿಯುತ್ತದೆ, ಬಕೆಟು ಒಂದು ಪಾಲು ಎಣ್ಣೆಗೆ ಹತ್ತು ಪಾಲು ಒಳ್ಳೆಯ ಮರಳು ಎತ್ತುತ್ತದೆ. ಚಪ್ಪಟೆ ಸಲಿಕೆಯಿಂದ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಕೆರೆಯಬೇಕು. ಚೀಲಕ್ಕೆ 10–15 ಕೆಜಿಗಿಂತ ಹೆಚ್ಚು ತುಂಬಬಾರದು. ತುಂಬಿದರೆ ಎಳೆಯುವಾಗ ಹರಿದು ತೊಳೆದ ಜಾಗದಲ್ಲೇ ಚೆಲ್ಲುತ್ತದೆ. ಕೆಲಸದವರಿಗೆ ನೈಟ್ರೈಲ್ ಕೈಗವಸು, ಗಂಬೂಟು, ಪೂರ್ತಿ ತೋಳಿನ ಬಟ್ಟೆ. ಮೈಗಂಟಿದ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ಒರೆಸಬೇಡಿ, ಅಡುಗೆ ಎಣ್ಣೆ ಸವರಿ ಸೋಪು ಹಾಕಿ. ಕೆಲಸದ ಜಾಗ, ಕೈಕಾಲು ತೊಳೆಯುವ ಜಾಗ, ಊಟದ ಜಾಗ ಮೂರೂ ಬೇರೆ ಬೇರೆ ಇರಬೇಕು, ದಾರಿ ಒಂದೇ ದಿಕ್ಕಿಗೆ.

ಆಡಳಿತದ ಸರಪಳಿ: ಜಿಲ್ಲಾಧಿಕಾರಿ ಹೊಣೆ ಹೊತ್ತ ಅಧಿಕಾರಿ, ತಹಶೀಲ್ದಾರ್ ಮತ್ತು ಪಿಡಿಒ ಜನರನ್ನು ಸೇರಿಸುವವರು, ಮಾಲಿನ್ಯ ನಿಯಂತ್ರಣ ಮಂಡಳಿ ತ್ಯಾಜ್ಯ ನೋಡಿಕೊಳ್ಳುವುದು, ಮೀನುಗಾರಿಕೆ ಇಲಾಖೆ ಮೀನಿನ ಮಾದರಿ ಮತ್ತು ನಷ್ಟದ ಪಟ್ಟಿ, ಅರಣ್ಯ ಇಲಾಖೆ ಆಮೆ, ಹಕ್ಕಿ, ಕಾಂಡ್ಲಾ. ಮಲ್ಪೆಯಲ್ಲಿ ಕೇಂದ್ರವಿರುವ ಕರಾವಳಿ ಕಾವಲು ಪೊಲೀಸರು ಹತ್ತಿರದ ನೀರಿನ ಗಸ್ತಿಗೆ.

ಸಂಗ್ರಹಿಸಿದ ಎಣ್ಣೆ ಮರಳನ್ನು ಎಲ್ಲಿ ಹಾಕುವುದು?

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಅಧಿಕೃತ ಘಟಕಕ್ಕೇ ಹೋಗಬೇಕು. ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿ ಅಂಥದ್ದಿದೆ. ಕರಾವಳಿಯಿಂದ ಘಾಟಿ ಹತ್ತಿಸಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿಸುವಾಗ ಪ್ರತಿ ಟನ್ ಸುಮ್ಮನೆ ಎತ್ತಿದ ಮರಳಿನ ಬೆಲೆ ಗೊತ್ತಾಗುತ್ತದೆ. ಚೆಲ್ಲಿದ ಎಣ್ಣೆಯ ಹತ್ತು ಪಟ್ಟು ತ್ಯಾಜ್ಯ ಬಂದರೆ ಆಶ್ಚರ್ಯಪಡಬೇಡಿ. ದಡದಲ್ಲಿ ತಾತ್ಕಾಲಿಕವಾಗಿ ಇಡುವುದಾದರೆ ಭರತದ ಗೆರೆಯಿಂದ ಮೇಲೆ, ದಪ್ಪ ಪ್ಲಾಸ್ಟಿಕ್ ಹಾಸಿನ ಮೇಲೆ, ಮಳೆಗೆ ಮುಚ್ಚಿಗೆ ಹಾಕಿ. ದ್ರವ ಎಣ್ಣೆ, ಎಣ್ಣೆ ಮರಳು, ಬಳಸಿದ ಬಟ್ಟೆ–ಕೈಗವಸು ಮೂರನ್ನೂ ಮೊದಲ ದಿನದಿಂದಲೇ ಬೇರೆ ಇಡಿ. ಒಮ್ಮೆ ಬೆರೆತರೆ ಯಾವ ಘಟಕವೂ ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ.

ಹಡಗು ಮುಳುಗಿದೆ, ಎಣ್ಣೆ ಇನ್ನೂ ಟ್ಯಾಂಕಿನಲ್ಲೇ ಇದೆ. ಆಗ?

2022ರ ಜೂನ್ 21ರಂದು ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಸುಮಾರು 8,000 ಟನ್ ಉಕ್ಕಿನ ಸುರುಳಿಗಳೊಂದಿಗೆ ಉಳ್ಳಾಲದ ದಕ್ಷಿಣಕ್ಕೆ ಉಚ್ಚಿಲ–ಬಟ್ಟಪಾಡಿ ಎದುರು ತಳ ಹಿಡಿಯಿತು. 15 ಮಂದಿ ಸಿರಿಯಾದ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ಟ್ಯಾಂಕುಗಳಲ್ಲಿ ಸುಮಾರು 220 ಟನ್ ತೈಲವಿತ್ತು. ಕೋಸ್ಟ್ ಗಾರ್ಡ್ ತನ್ನ ಮಾಲಿನ್ಯ ನಿಯಂತ್ರಣ ಹಡಗು ಸಮುದ್ರ ಪಾವಕ್ ಅನ್ನು ಪೋರಬಂದರಿನಿಂದ ಕರೆಸಿ ನಿಲ್ಲಿಸಿತು, ಜಿಲ್ಲಾಡಳಿತ ದಡದ ಸಿದ್ಧತೆ ಮಾಡಿಕೊಂಡಿತು.

ಇಂಥ ಕಡೆ ಎಣ್ಣೆ ತೆಗೆಸುವ, ಅವಶೇಷ ಎತ್ತಿಸುವ ಹೊಣೆ ಹಡಗಿನ ಮಾಲೀಕನದು. ಆದೇಶ ಕೊಡುವುದು ನೌಕಾಯಾನ ಮಹಾನಿರ್ದೇಶನಾಲಯ. ಮುಳುಗುಗಾರರು ಟ್ಯಾಂಕಿಗೆ ತೂತು ಕೊರೆದು, ಕವಾಟ ಕೂರಿಸಿ, ಎಣ್ಣೆ ಬಿಸಿ ಮಾಡಿ ಪಂಪ್ ಮಾಡಬೇಕು. ಮಳೆಗಾಲದಲ್ಲಿ ಇದು ಆಗುವ ಮಾತಲ್ಲ. ಹಾಗಾಗಿ ಜೂನ್‌ನಲ್ಲಿ ಮುಳುಗಿದ ಹಡಗಿನ ಮೇಲೆ ಸೆಪ್ಟೆಂಬರ್‌ವರೆಗೆ ಕಣ್ಣಿಟ್ಟು ಕಾಯುವುದೇ ಮುಖ್ಯ ಕೆಲಸವಾಗುತ್ತದೆ. ಈ ಕಾವಲನ್ನು ‘ಏನೂ ಮಾಡುತ್ತಿಲ್ಲ’ ಎಂದು ಜನ ತಿಳಿಯುವುದು ಸಹಜ. ದಿನಕ್ಕೊಂದು ಸಣ್ಣ ಪ್ರಕಟಣೆ ಕೊಟ್ಟರೆ ಗಾಳಿಸುದ್ದಿ ಅರ್ಧ ತಗ್ಗುತ್ತದೆ.

ಕಂಟೈನರ್ ದಡಕ್ಕೆ ತೇಲಿಬಂದರೆ ತೆರೆದು ನೋಡಬಹುದೇ?

ಬೇಡ. 2025ರ ಮೇ 25ರಂದು ಕೊಚ್ಚಿ ಎದುರು ಮುಳುಗಿದ ಎಂಎಸ್‌ಸಿ ಎಲ್ಸಾ 3ರಲ್ಲಿ 640 ಕಂಟೈನರ್ ಇದ್ದವು. 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಅದಕ್ಕೆ ನೀರು ತಾಗಿದರೆ ಅಸೆಟಿಲೀನ್ ಅನಿಲ, ಬಾಗಿಲು ತೆರೆಯುವಾಗ ಒಂದು ಕಿಡಿ ಸಾಕು. ಕನಿಷ್ಠ 200 ಮೀಟರ್ ದೂರ ನಿಂತು 112ಕ್ಕೆ ಕರೆ ಮಾಡಿ ಎಂಬುದು ಆಗ ಕೇರಳದಲ್ಲಿ ಕೊಟ್ಟ ಸೂಚನೆ. ಎಲ್ಲಕಡೆಗೂ ಅದೇ ಸರಿ. ವಾರಸುದಾರರಿಲ್ಲದ ಸರಕು ಎಂದು ಮನೆಗೆ ಒಯ್ದರೆ ಕಸ್ಟಮ್ಸ್ ಪ್ರಕರಣವೂ ಆಗುತ್ತದೆ.

ಅದೇ ಹಡಗಿನಿಂದ ಬಿದ್ದ ಅಕ್ಕಿಕಾಳಿನ ಗಾತ್ರದ ಪ್ಲಾಸ್ಟಿಕ್ ಗುಳಿಗೆಗಳು ಕೇರಳ, ತಮಿಳುನಾಡಿನ ದಡಗಳಿಗೆ ಹರಡಿದವು. ಎಣ್ಣೆಗೆಂದು ಬರೆದ ಯೋಜನೆಯ ಬೂಮ್, ಸ್ಕಿಮ್ಮರ್ ಇವಕ್ಕೆ ಉಪಯೋಗವಿಲ್ಲ, ಜರಡಿ ಹಿಡಿದು ಕೂರಬೇಕು. ಹದಿನೈದು ದಿನಕ್ಕೆ, ಜೂನ್ 9ರಂದು, ವಾನ್ ಹೈ 503 ಹಡಗಿಗೆ ಉತ್ತರ ಕೇರಳದ ಎದುರು ಬೆಂಕಿ ಬಿತ್ತು. 22 ಸಿಬ್ಬಂದಿಯಲ್ಲಿ ಪಾರಾದ 18 ಮಂದಿಯನ್ನು ನೌಕಾಪಡೆ ಹಡಗು ನವಮಂಗಳೂರಿಗೆ ಕರೆತಂತು. ಸಮುದ್ರದಲ್ಲಿ ಬೆಂಕಿ ಆರಿಸಿದ್ದು ಕೋಸ್ಟ್ ಗಾರ್ಡ್, ಸುಟ್ಟವರನ್ನು ಆಸ್ಪತ್ರೆಗೆ ಸಾಗಿಸಿದ್ದು ಮಂಗಳೂರು, ದಡ ಕಾದದ್ದು ಕೇರಳದ ಜಿಲ್ಲೆಗಳು. ಹಡಗನ್ನು ದಡದಿಂದ ದೂರಕ್ಕೆ ಎಳೆದುಕೊಂಡು ಹೋಗುವುದೇ ಮೊದಲ ಗುರಿಯಾಗಿತ್ತು.

ಕಾರ್ಖಾನೆಯಲ್ಲಿ ಸೋರಿದರೆ ವ್ಯವಸ್ಥೆ ಬೇರೆಯೇ?

ಪೂರ್ತಿ ಬೇರೆ. ಭೋಪಾಲದ 1984ರ ದುರಂತದ ನಂತರ 1986ರ ಪರಿಸರ ಕಾಯ್ದೆ, ಅದರಡಿ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳು, 1996ರ ರಾಸಾಯನಿಕ ಅಪಘಾತ ನಿಯಮಗಳು ಬಂದವು. ಕಾಂಪೌಂಡಿನ ಒಳಗಿನ ತುರ್ತು ಯೋಜನೆ ಕಾರ್ಖಾನೆಯದು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಮಾಡಲೇಬೇಕು. ಹೊರಗಿನ ಯೋಜನೆ ಜಿಲ್ಲೆಯದು, ವರ್ಷಕ್ಕೊಮ್ಮೆಯಾದರೂ ಅಭ್ಯಾಸ ಆಗಬೇಕು. ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. ಅಗ್ನಿಶಾಮಕ, ಪೊಲೀಸ್, ಆರೋಗ್ಯ, ಮಾಲಿನ್ಯ ಮಂಡಳಿ, ಕಾರ್ಖಾನೆಗಳ ಇಲಾಖೆ ಸದಸ್ಯರು. ದೊಡ್ಡ ಅಪಘಾತವನ್ನು 48 ಗಂಟೆಯೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು ಎಂಬುದು ವರದಿಯ ಗಡುವು ಅಷ್ಟೇ; ಫೋನ್ ಮಾಡುವುದಕ್ಕೆ ಗಡುವು ಇಲ್ಲ, ಆ ಕ್ಷಣವೇ ಮಾಡಬೇಕು.

ಅಣಕು ಕಾರ್ಯಾಚರಣೆಗಳ ದೊಡ್ಡ ದೋಷ, ಅವು ಬೆಳಗ್ಗೆ ಹನ್ನೊಂದಕ್ಕೆ, ಎಲ್ಲರಿಗೂ ಮೊದಲೇ ಹೇಳಿ ನಡೆಯುತ್ತವೆ. ಭೋಪಾಲದ್ದು ನಡುರಾತ್ರಿ, 2020ರ ಮೇ 7ರ ವಿಶಾಖಪಟ್ಟಣದ ಸ್ಟೈರೀನ್ ಸೋರಿಕೆ ಬೆಳಗಿನ ಜಾವ. ರಾತ್ರಿ ಎರಡು ಗಂಟೆಗೆ ಸೈರನ್ ಒತ್ತುವ ಅಧಿಕಾರ ಪಾಳಿಯಲ್ಲಿರುವ ಕಿರಿಯ ಆಪರೇಟರ್‌ಗೆ ಇದೆಯೇ, ಮೇಲಿನವರ ಒಪ್ಪಿಗೆಗೆ ಕಾಯಬೇಕೇ? ನಿಮ್ಮ ಊರಿನ ಕಾರ್ಖಾನೆಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಹೆದ್ದಾರಿಯಲ್ಲಿ ಟ್ಯಾಂಕರ್ ಉರುಳಿದೆ. ಒಳಗೇನಿದೆ ಎಂದು ಹೇಗೆ ತಿಳಿಯುವುದು?

ಟ್ಯಾಂಕರಿನ ಬದಿ ಮತ್ತು ಹಿಂದಿನ ಫಲಕ ಓದಿ, ದೂರದಿಂದ, ಮೊಬೈಲ್ ಕ್ಯಾಮೆರಾ ಹಿಗ್ಗಿಸಿ. ನಾಲ್ಕಂಕಿಯ ವಿಶ್ವಸಂಸ್ಥೆ ಸಂಖ್ಯೆ ಇರುತ್ತದೆ: 1203 ಪೆಟ್ರೋಲ್, 1202 ಡೀಸೆಲ್, 1075 ಎಲ್‌ಪಿಜಿ, 1017 ಕ್ಲೋರಿನ್, 1005 ಅಮೋನಿಯಾ, 1830 ಗಂಧಕಾಮ್ಲ. ಅದರ ಮೇಲೆ ಚಿಕ್ಕ ಸಂಕೇತ. ಪೆಟ್ರೋಲಿಗೆ ‘3ವೈಇ’: 3 ಎಂದರೆ ನೊರೆಯಿಂದ ಆರಿಸು, ವೈ ಎಂದರೆ ಉಸಿರಾಟದ ಸಲಕರಣೆ ಬೇಕು, ಚರಂಡಿಗೆ ಬಿಡಬೇಡ, ಕೊನೆಯ ಇ ಎಂದರೆ ಜನರನ್ನು ದೂರ ಕಳಿಸುವ ಯೋಚನೆ ಮಾಡು. ಈ ನಾಲ್ಕಂಕಿಯನ್ನು 112ಕ್ಕೆ ಹೇಳಿದರೆ ಅಗ್ನಿಶಾಮಕದವರು ಸರಿಯಾದ ಸಲಕರಣೆ ಹೇರಿಕೊಂಡೇ ಹೊರಡುತ್ತಾರೆ.

ಎಲ್‌ಪಿಜಿ ಆದರೆ 1906ಕ್ಕೂ ಕರೆ ಮಾಡಿ. ಅನಿಲ ಗಾಳಿಗಿಂತ ಭಾರ. ತಗ್ಗಿನತ್ತ, ಚರಂಡಿಯತ್ತ, ತೋಟದ ಗುಂಡಿಯತ್ತ ಹರಿಯುತ್ತದೆ. ಸುತ್ತ 100 ಮೀಟರ್ ಖಾಲಿ, ದೊಡ್ಡ ಸೋರಿಕೆಗೆ ಗಾಳಿ ಬೀಸುವ ಕಡೆ 800 ಮೀಟರ್, ಟ್ಯಾಂಕಿಗೆ ಬೆಂಕಿ ತಾಗಿದರೆ ಎಲ್ಲ ಕಡೆ 1,600 ಮೀಟರ್. ವಾಹನ ಚಾಲೂ ಮಾಡುವುದು, ಮನೆಯ ಲೈಟಿನ ಸ್ವಿಚ್ ಒತ್ತುವುದು, ಒಲೆ ಉರಿಸುವುದು ಎಲ್ಲ ನಿಲ್ಲಬೇಕು. 2013ರ ಏಪ್ರಿಲ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಅನಿಲ ಹೊತ್ತಿಕೊಂಡಾಗ ಬಲಿಯಾದವರಲ್ಲಿ ರಸ್ತೆ ಬದಿಯ ಮನೆಯವರಿದ್ದರು.

ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಇಂಥ ಸೋರಿಕೆಗೂ ತರಬೇತಾದದ್ದೇ, ಆದರೆ ಅದು ಬರಲು ಗಂಟೆಗಳು ಬೇಕು. ಮೊದಲ ಗಂಟೆ ಪೊಲೀಸ್ ಮತ್ತು ಅಗ್ನಿಶಾಮಕದ್ದು.

ಟ್ಯಾಂಕರಿನ ಎಣ್ಣೆ ಹೊಳೆಗೆ ಇಳಿಯುತ್ತಿದ್ದರೆ?

ಒಳನಾಡಿನ ಹೊಳೆಗೆ ಕೋಸ್ಟ್ ಗಾರ್ಡ್ ಯೋಜನೆ ಅನ್ವಯಿಸುವುದಿಲ್ಲ. ಜಿಲ್ಲಾಡಳಿತ, ಮಾಲಿನ್ಯ ಮಂಡಳಿ, ಕುಡಿಯುವ ನೀರಿನವರು ನೋಡಿಕೊಳ್ಳಬೇಕು. ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟು ನೇತ್ರಾವತಿಯ ಮೇಲಿದೆ, ಬಹುದೂರ ಹೆದ್ದಾರಿ ಅದೇ ಹೊಳೆಯ ಪಕ್ಕ ಸಾಗುತ್ತದೆ. ಹಾಗಾಗಿ ಮೊದಲ ಫೋನು ಕೆಳಗಿನ ಪಂಪ್‌ಹೌಸ್‌ಗೆ ಹೋಗಬೇಕು, ನೀರೆತ್ತುವುದು ನಿಲ್ಲಿಸಿ ಎಂದು.

ಎಣ್ಣೆ ಇನ್ನೂ ಸಣ್ಣ ತೋಡಿನಲ್ಲಿದ್ದರೆ ತಡೆಯುವ ಸುಲಭ ಉಪಾಯವಿದೆ. ಮರಳಿನ ಚೀಲದಿಂದ ಅಡ್ಡಕಟ್ಟೆ ಹಾಕಿ, ಅದರ ಮೂಲಕ ಪಿವಿಸಿ ಪೈಪು ಓರೆಯಾಗಿ ಕೂರಿಸಿ: ಮೇಲ್ದಂಡೆಯ ಬಾಯಿ ತಳದಲ್ಲಿ, ಕೆಳದಂಡೆಯ ಬಾಯಿ ಎತ್ತರದಲ್ಲಿ. ತಳದ ನೀರು ಪೈಪಿನಲ್ಲಿ ಹೊರಗೆ ಹೋಗುತ್ತದೆ, ಎಣ್ಣೆ ಮೇಲೆ ತೇಲಿ ಒಳಗೇ ನಿಲ್ಲುತ್ತದೆ. ಹರಿವು ಜಾಸ್ತಿಯಾದರೆ ಎರಡು–ಮೂರು ಪೈಪು. ಪೈಪನ್ನು ತಲೆಕೆಳಗು ಇಟ್ಟರೆ ಮೊದಲು ಹೋಗುವುದು ಎಣ್ಣೆಯೇ. ಇದು ಡೀಸೆಲ್, ಫರ್ನೇಸ್ ಆಯಿಲ್‌ಗೆ ಸರಿ. ಪೆಟ್ರೋಲ್ ಹಾಗೆ ನಿಲ್ಲಿಸಿದರೆ ಬೆಂಕಿಯ ಹೊಂಡವಾಗುತ್ತದೆ, ಆಮ್ಲ ನೀರಿನಲ್ಲಿ ಬೆರೆತುಬಿಡುವುದರಿಂದ ಅದಕ್ಕೆ ಈ ಕಟ್ಟೆ ಉಪಯೋಗವಿಲ್ಲ. ರಸ್ತೆ ತೊಳೆಯಲೆಂದು ನೀರು ಹಾಯಿಸುವವರನ್ನು ಮೊದಲು ತಡೆಯಿರಿ. ಎಷ್ಟೋ ಸಲ ಎಣ್ಣೆಯನ್ನು ಹೊಳೆಗೆ ಮುಟ್ಟಿಸುವುದೇ ಆ ನೀರು.

ನೀರು ಶುದ್ಧೀಕರಣ ಘಟಕದ ಕ್ಲೋರಿನ್ ಸೋರಿದರೆ?

ಗಾಳಿಗೆ ಅಡ್ಡವಾಗಿ, ಎತ್ತರದ ಕಡೆಗೆ ಓಡಿ. ಕ್ಲೋರಿನ್ ತಗ್ಗಿನಲ್ಲಿ ಕೂರುತ್ತದೆ. ಸೋರುವ ಜಾಗಕ್ಕೆ ನೀರು ಬಿಡಲೇಬಾರದು, ಆಮ್ಲವಾಗಿ ಲೋಹ ತಿಂದು ತೂತು ದೊಡ್ಡದಾಗುತ್ತದೆ. ತರಬೇತಾದವರು ಉಸಿರಾಟದ ಸಲಕರಣೆ ತೊಟ್ಟು 900 ಕೆಜಿಯ ಟನ್ನರ್ (ಕ್ಲೋರಿನ್ ತುಂಬಿದ ದೊಡ್ಡ ಸಿಲಿಂಡರ್) ಅನ್ನು ಹೊರಳಿಸಿ ತೂತು ಮೇಲ್ಮುಖವಾಗುವಂತೆ ಮಾಡುತ್ತಾರೆ. ಆಗ ದ್ರವದ ಬದಲು ಅನಿಲ ಮಾತ್ರ ಹೊರಬರುತ್ತದೆ. ಒಂದು ಲೀಟರ್ ದ್ರವ ಸುಮಾರು 460 ಲೀಟರ್ ಅನಿಲವಾಗುವುದರಿಂದ ಈ ಒಂದು ಹೊರಳಿಕೆಯಿಂದ ಸೋರಿಕೆ ಎಷ್ಟೋ ಪಟ್ಟು ಇಳಿಯುತ್ತದೆ. ಅಮೋನಿಯಾಕ್ಕೆ ಮಾತ್ರ ನೀರಿನ ತೆರೆ ಕಟ್ಟಬಹುದು, ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ.

ಖರ್ಚು ಯಾರು ಕೊಡುತ್ತಾರೆ? ಮೀನುಗಾರರ ನಷ್ಟ?

ಚೆಲ್ಲಿದವನೇ. ತೈಲ ಟ್ಯಾಂಕರ್ ಹಡಗಿನಿಂದ ಚೆಲ್ಲಿದರೆ 1992ರ ಹೊಣೆಗಾರಿಕೆ ಒಪ್ಪಂದ, ಅದು ಸಾಲದಿದ್ದರೆ ಅಂತರರಾಷ್ಟ್ರೀಯ ಪರಿಹಾರ ನಿಧಿ. ಬೇರೆ ಹಡಗುಗಳ ಇಂಧನ ಚೆಲ್ಲಿದರೆ 2001ರ ಬಂಕರ್ ಒಪ್ಪಂದ. 1,000 ಒಟ್ಟು ಟನ್ನೇಜ್ (ಹಡಗಿನ ಗಾತ್ರದ ಅಳತೆ) ಮೀರಿದ ಹಡಗಿಗೆ ವಿಮೆ ಕಡ್ಡಾಯ. ಅಂತರರಾಷ್ಟ್ರೀಯ ನಿಧಿಯ ಹಣ ಈ ಎರಡನೆಯ ಬಗೆಯ ಸೋರಿಕೆಗೆ ಸಿಗುವುದಿಲ್ಲ. ಮಾತುಕತೆ ಸಾಲದಾದಾಗ ಕೋರ್ಟು: ಎಲ್ಸಾ 3 ಪ್ರಕರಣದಲ್ಲಿ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಗಿ, ಅದೇ ಗುಂಪಿನ ಇನ್ನೊಂದು ಹಡಗನ್ನು ವಿಳಿಂಜಂ ಬಂದರಿನಲ್ಲಿ ತಡೆಹಿಡಿಸಿತು.

ನಷ್ಟವಾದ ದಿನದಿಂದ 3 ವರ್ಷದೊಳಗೆ, ಘಟನೆಯಾದ ದಿನದಿಂದ ಹೇಗಿದ್ದರೂ 6 ವರ್ಷದೊಳಗೆ ದಾವೆ ಹೂಡಬೇಕು. ಮೀನುಗಾರರು ಇಟ್ಟುಕೊಳ್ಳಬೇಕಾದ್ದು: ಹಿಂದಿನ ವರ್ಷಗಳ ಹರಾಜು ಚೀಟಿ, ಡೀಸೆಲ್ ಬಿಲ್ಲು, ಬೋಟಿನ ನೋಂದಣಿ, ಹಾಳಾದ ಬಲೆಯ ಫೋಟೊ ಮತ್ತು ಬಲೆಯ ಒಂದು ತುಂಡು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ಆ ಅವಧಿಯ ನಷ್ಟ ಕೇಳಿದರೆ ತಿರಸ್ಕಾರ ಖಂಡಿತ. ನಾಡದೋಣಿಯವರದ್ದು ಬೇರೆ ಲೆಕ್ಕ, ಒಟ್ಟಿಗೆ ಸೇರಿಸಬೇಡಿ. ಇಲಾಖೆಗಳೂ ಅಷ್ಟೇ: ಯಾವ ದಿನ, ಯಾವ ದಡ, ಎಷ್ಟು ಜನ, ಎಷ್ಟು ಗಂಟೆ, ಎಷ್ಟು ಚೀಲ ಎಂದು ಅಂದಂದೇ ಬರೆದ ಪುಸ್ತಕ, ಮಹಜರು, ಮುಚ್ಚಳ ಬಿಗಿದು ಸೀಲ್ ಮಾಡಿದ ಗಾಜಿನ ಸೀಸೆಯಲ್ಲಿ ಎಣ್ಣೆಯ ಮಾದರಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾದರಿ ಕೆಡುತ್ತದೆ. ಹಡಗಿನ ಟ್ಯಾಂಕಿನ ಮಾದರಿಯೊಂದಿಗೆ ಅದನ್ನು ಹೋಲಿಸಿದಾಗಲೇ ‘ನಮ್ಮದಲ್ಲ’ ಎಂಬ ಮಾತಿಗೆ ಉತ್ತರ ಸಿಗುವುದು.

ಮಳೆಗಾಲದ ಮುಂಚೆ ದಡಕ್ಕೆ ಬರುವ ಟಾರು ಉಂಡೆಗೂ (ಗಟ್ಟಿಯಾದ ಎಣ್ಣೆಯ ಮುದ್ದೆ) ಇದೆಲ್ಲ ಅನ್ವಯಿಸುತ್ತದೆಯೇ?

ವರದಿ ಮಾಡುವ ಸಂಖ್ಯೆ ಅದೇ, 1554. ಮೂಲ ಪತ್ತೆಯಾಗುವುದು ಅಪರೂಪ, ಹಾಗಾಗಿ ಖರ್ಚು ಬಹುತೇಕ ಸ್ಥಳೀಯ ಸಂಸ್ಥೆಯ ತಲೆಗೇ ಬರುತ್ತದೆ. ಬೆಳಗಿನ ತಂಪಿನಲ್ಲೇ ಆಯಿಸಿ. ಬಿಸಿಲೇರಿದರೆ ಉಂಡೆ ಮೆದುವಾಗಿ ಮರಳಿಗೆ ಅಂಟುತ್ತದೆ.